ವಜ್ರದ ಬೆಲೆ ಕಟ್ಟಿದವರು

ಗಣಿಯಿಂದ ತೆಗೆದ ವಜ್ರವೇ ನಿಜವಾದುದೆಂದೂ ಯಂತ್ರಾಗಾರದಲ್ಲಿ ಬೆಳೆದದ್ದು ಕೃತಕವೆಂದೂ ವರ್ತಕರು ವಾದಿಸುವುದನ್ನು ಕೇಳುವಾಗ, ಕಲ್ಲಿನ ಮಾತು ಹಾಗಿರಲಿ, ಅದರ ಬೆಲೆಯಾದರೂ ಎಂದಾದರೂ ನೈಸರ್ಗಿಕವಾಗಿದ್ದುದುಂಟೆ ಎಂಬ ಸಂದೇಹ ಮೂಡುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್ಲಿನ ಗಣಿಗಳು ಬೆಳಕಿಗೆ ಬರುವವರೆಗೆ ಜಗತ್ತಿನ ವಜ್ರವ್ಯಾಪಾರವು ಬಹುಮಟ್ಟಿಗೆ ಭರತಖಂಡವನ್ನೇ ನೆಚ್ಚಿಕೊಂಡಿದ್ದುದರಿಂದ ಉತ್ತರವನ್ನು ಇಲ್ಲಿಯೇ ಅರಸಬಹುದು.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸಲಕ್ಷಣವಾದ ಹರಳು ಶುಭವನ್ನೂ ದೋಷಯುಕ್ತವಾದುದು ಬಂಧುನಾಶ ಧನನಾಶಗಳನ್ನೂ ತರುವುದೆಂದು ಹೇಳಿದ್ದಾನೆ. ಮಾರುವವನಿಗೆ ಇದಕ್ಕಿಂತ ಅನುಕೂಲವಾದ ಶಾಸ್ತ್ರ ಇನ್ನಾವುದಿದ್ದೀತು? ವಿಜಯನಗರದ ಕಾಲಕ್ಕೆ ರಾಜಾಜ್ಞೆಯೂ ಇದರೊಡನೆ ಕೂಡಿಕೊಂಡಿತು. ಗಣಿಗಳನ್ನು ಹಿಡಿದಿದ್ದ ನಾಯಕನು ವರ್ಷಕ್ಕೆ 40,000 ವರಹ ತೆತ್ತು, 20 ಮಂಜಾಡಿ ತೂಕವನ್ನು ಮೀರಿದ ಹರಳುಗಳನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕಾಗಿತ್ತೆಂದು ಪೋರ್ಚುಗಲ್ಲಿನ ನೂನಿಜ್ ಬರೆದಿದ್ದಾನೆ. ದೊಡ್ಡ ಹರಳು ಪೇಟೆಯ ಮುಖವನ್ನೇ ಕಾಣದಿದ್ದಮೇಲೆ ಅದರ ದೌರ್ಲಭ್ಯಕ್ಕೆ ಭೂಮಿಯೊಂದನ್ನೇ ಹೊಣೆಮಾಡಲಾದೀತೆ?

ಬೆಲೆ ಹುಟ್ಟುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬರೆದವನು ಫ್ರೆಂಚ್ ರತ್ನವರ್ತಕ ಟ್ಯಾವರ್ನಿಯರ್. ಬಿಜಾಪುರದ ಸುಲ್ತಾನರ ರಾಜ್ಯಕ್ಕೆ ಸೇರಿದ್ದ ರಾವೋಲ್ಕೊಂಡದ ಗಣಿಯಲ್ಲಿ ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ಕುಳಿತು, ಸೊಂಟಕ್ಕೆ ಸುತ್ತಿದ ವಸ್ತ್ರವನ್ನು ಬಿಚ್ಚಿ ಅದರ ಮರೆಯಲ್ಲಿ ಕೈಗೆ ಕೈ ಸೇರಿಸುವರು: ಇಡಿಯ ಕೈಯನ್ನು ಹಿಡಿದರೆ 1,000, ಒಂದು ಬೆರಳನ್ನು ಒತ್ತಿದರೆ 100, ನಡುಗೆಣ್ಣಿನವರೆಗೆ ಮಾತ್ರ ಒತ್ತಿದರೆ 50, ಬೆರಳ ತುದಿಗೆ 10. ಸುತ್ತ ಎಷ್ಟು ಜನ ನೆರೆದಿದ್ದರೂ ತುಟಿ ಅಲುಗದೆ, ಕಣ್ಣಸನ್ನೆಯೂ ಇಲ್ಲದೆ ವ್ಯಾಪಾರ ಮುಗಿಯುತ್ತಿತ್ತು. ಅದೇ ಗಣಿಯಲ್ಲಿ ದುಡಿಯುತ್ತಿದ್ದ ಕುಶಲ ಆಳಿನ ಸಂಬಳ ವರ್ಷಕ್ಕೆ ಮೂರು ವರಹ. ಒಬ್ಬನು ಸುಮಾರು ಎರಡು ಕ್ಯಾರಟ್ಟಿನ ಹರಳನ್ನು ಕಣ್ಣಿನ ಮೂಲೆಯಲ್ಲಿ ಅಡಗಿಸಿಟ್ಟು ಸಿಕ್ಕಿಬಿದ್ದನಂತೆ. ಸಂಬಳದ ಮೊತ್ತವನ್ನು ತಿಳಿದ ಮೇಲೆ ಅವನನ್ನು ಕಳ್ಳನೆನ್ನಲು ನನಗೆ ಮನಸ್ಸು ಬಾರದು. ಕೃಷ್ಣಾತೀರದ ಕೊಲ್ಲೂರಿನಲ್ಲಿ (ಇದು ಮೂಕಾಂಬಿಕೆಯ ಕೊಲ್ಲೂರಲ್ಲ) ಹೆಂಗಸರು ಮಕ್ಕಳು ಸೇರಿ 60,000 ಜನ ದುಡಿಯುತ್ತಿದ್ದರೆಂದೂ ಟ್ಯಾವರ್ನಿಯರನೇ ಬರೆದಿದ್ದಾನೆ.

1867ರ ತರುವಾಯ ದಕ್ಷಿಣ ಆಫ್ರಿಕದಲ್ಲಿ ವಜ್ರಗಳು ರಾಶಿರಾಶಿಯಾಗಿ ದೊರೆಯತೊಡಗಿದಾಗ, ಬೆಲೆ ಕುಸಿಯುವುದೆಂಬ ಭಯದಿಂದ ಗಣಿಗಳೆಲ್ಲ ಒಂದೇ ಹಿಡಿತಕ್ಕೆ ಬಂದು, 1888ರಲ್ಲಿ ಡಿ ಬೀರ್ಸ್ ಸಂಸ್ಥೆ ರೂಪುಗೊಂಡಿತು. ಅಲ್ಲಿನ ಕಿಂಬರ್ಲಿಯ ಗಣಿಗಳಲ್ಲಿ ಕಪ್ಪುಜನಾಂಗದ ಕೂಲಿಗಳನ್ನು ಬೇಲಿಯೊಳಗೆ ಕೂಡಿಹಾಕಿ ಶೋಧಿಸುತ್ತಿದ್ದ ಈ ಸಂಸ್ಥೆಯೇ ಮುಂದೆ ಹರಳನ್ನು ದಾಸ್ತಾನಿನಲ್ಲಿ ತಡೆಹಿಡಿದು, ಪೇಟೆಗೆ ಅಳೆದು ಬಿಡುವ ಪದ್ಧತಿಯನ್ನು ಬೆಳೆಸಿತು. 1947ರಲ್ಲಿ ಅದರ ಜಾಹೀರಾತಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ ವಜ್ರವನ್ನು ಶಾಶ್ವತವೆಂದು ಸಾರುವ ಘೋಷವಾಕ್ಯವನ್ನು ಬರೆದಳು. ಲವಾಸಿಯೆ ಎಂಬ ರಸಾಯನಜ್ಞನು ಹದಿನೆಂಟನೆಯ ಶತಮಾನದಲ್ಲಿಯೇ ವಜ್ರವನ್ನು ಸುಟ್ಟು ತೋರಿಸಿದ್ದನಾದರೂ, ಮದುವೆಯುಂಗುರ ಕೊಳ್ಳುವ ವರನಿಗೆ ರಸಾಯನಶಾಸ್ತ್ರವನ್ನು ಬೋಧಿಸುವವರಾರು?

1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಇಂಗಾಲವನ್ನು ಅತ್ಯಧಿಕ ಒತ್ತಡ, ಶಾಖಗಳಿಗೆ ಗುರಿಪಡಿಸಿ ವಜ್ರವನ್ನು ನಿರ್ಮಿಸಿದನು. ಅದಕ್ಕಾಗಿ ತನಗೆ ದೊರೆತ ಬಹುಮಾನ ಹತ್ತು ಡಾಲರಿನ ಒಂದು ಬಾಂಡ್ ಎಂದು ಅವನೇ ಹೇಳಿಕೊಂಡಿದ್ದಾನೆ. ಇಂದು ಸೂರತ್ತಿನಲ್ಲಿ ಅನಿಲದಿಂದ ಪದರಪದರವಾಗಿ ಬೆಳೆಸುವ ಹರಳೂ ಇಂಗಾಲವೇ, ಗಣಿಯದೂ ಇಂಗಾಲವೇ. ಉಪಕರಣವಿಲ್ಲದೆ ನುರಿತ ಕಣ್ಣಿಗೂ ಭೇದ ಕಾಣದು. 2018ರಲ್ಲಿ ಡಿ ಬೀರ್ಸ್ ತಾನೇ ಕೃತಕ ವಜ್ರವನ್ನು ಕ್ಯಾರಟ್ಟಿಗೆ 800 ಡಾಲರಿನಂತೆ ಮಾರಲಾರಂಭಿಸಿತು.

ಯಂತ್ರದ ವಜ್ರಕ್ಕೆ ರಕ್ತದ ಕಲೆಯಿಲ್ಲವೆಂದು ಅದರ ವರ್ತಕರು ಹೇಳುವರು. ಯಂತ್ರ ನಡೆಸುವ ವಿದ್ಯುತ್ತು ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲರೂ ಉತ್ತರಿಸರು. ಗಣಿಯ ವಜ್ರಕ್ಕಾದರೆ 2003ರಿಂದ ಕಿಂಬರ್ಲಿ ಒಡಂಬಡಿಕೆಯ ಪ್ರಮಾಣಪತ್ರವುಂಟು. ಆದರೆ ಅದು ತಡೆಯಹೊರಟಿರುವುದು ಸರ್ಕಾರಗಳ ವಿರುದ್ಧ ಬಂಡೆದ್ದವರಿಗೆ ಹಣ ಒದಗಿಸುವ ವಜ್ರವನ್ನು ಮಾತ್ರ. ಅಗೆದವನಿಗೆ ಸಂದ ಕೂಲಿ ಎಷ್ಟೆಂಬುದನ್ನು ಅದು ವಿಚಾರಿಸುವುದಿಲ್ಲ.