ನಾಗರಿಕರ ರಿವಾಲ್ವರ್, ಹೋಲ್‌ಸ್ಟರ್, ಪರಿಕರ: ಯಾವುದು ಲಭ್ಯ, ಯಾವುದು ನಿಷಿದ್ಧ

2024ರ ಅಕ್ಟೋಬರ್ 1ರ ಮುಂಜಾನೆ ಹಿಂದಿ ಚಿತ್ರನಟ ಗೋವಿಂದ ಅವರು ಮುಂಬೈನ ತಮ್ಮ ನಿವಾಸದಲ್ಲಿ ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದಾಗ ಅವರದೇ ರಿವಾಲ್ವರ್‌ನಿಂದ ಸಿಡಿದ ಗುಂಡು ಕಾಲಿಗೆ ತಗುಲಿತು. ಪರವಾನಗಿ ಪಡೆದ ಆ ರಿವಾಲ್ವರನ್ನು ಕಪಾಟಿನಲ್ಲಿರಿಸುವಾಗ ಅದು ಕೈಜಾರಿ ಬಿದ್ದು ಗುಂಡು ಹಾರಿತೆಂದು ಅವರ ವ್ಯವಸ್ಥಾಪಕರು ತಿಳಿಸಿದರು. ಶಸ್ತ್ರಚಿಕಿತ್ಸೆಯ ಬಳಿಕ ನಟರು ಚೇತರಿಸಿಕೊಂಡರು. ಸುದ್ದಿ ಎರಡು ದಿನ ಓಡಿ ತಣ್ಣಗಾಯಿತು. ಆದರೆ ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡ ಪ್ರತಿಯೊಂದು ಮನೆಗೂ ಸಂಬಂಧಿಸಿದ ಪ್ರಶ್ನೆಯೊಂದು ಹಾಗೆಯೇ ಉಳಿಯಿತು. ಕೈಯಲ್ಲಿಲ್ಲದ ಸಮಯದಲ್ಲಿ ರಿವಾಲ್ವರ್ ಎಲ್ಲಿ, ಹೇಗೆ ಇರಬೇಕು?

ಅಮೆರಿಕದ ಮಾರುಕಟ್ಟೆಯಲ್ಲಿ ಪ್ರತಿವರ್ಷ ಹೊಸ ಪಿಸ್ತೂಲು, ಹೊಸ ದರ್ಶಕ, ಹೊಸ ಹೋಲ್‌ಸ್ಟರ್‌ಗಳು ಬರುತ್ತವೆ. ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಿ ಅಂಗಡಿಗೆ ಹೋಗುವ ಭಾರತೀಯ ಆಸಕ್ತನಿಗೆ ಕಾದಿರುವುದು ನಿರಾಶೆಯೇ ಸರಿ. ಇಲ್ಲಿನ ಮಾರುಕಟ್ಟೆ ಕಿರಿದು, ನಿಯಮಗಳು ಬಿಗಿ, ಮತ್ತು ಸುಮಾರಾಗಿ ಎಲ್ಲವೂ ಒಂದೇ ಬೋರ್‌ನ ಸುತ್ತ ಸುತ್ತುತ್ತವೆ.

.32ರ ಆಳ್ವಿಕೆ

1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ ಅದರಡಿಯ ನಿಯಮಗಳು ಬಂದೂಕುಗಳನ್ನು ನಿಷೇಧಿತ ಮತ್ತು ನಿಷೇಧಿತವಲ್ಲದ ಬೋರ್‌ಗಳೆಂದು ವಿಂಗಡಿಸುತ್ತವೆ. 9 ಮಿ.ಮೀ., .45, .38, .455ರ ಸೇವಾ ತೋಟಾಗಳನ್ನು ಹಾರಿಸುವ ಪಿಸ್ತೂಲು, ರಿವಾಲ್ವರ್‌ಗಳು ಮೊದಲ ಗುಂಪಿಗೆ ಸೇರುತ್ತವೆ. .303 ರೈಫಲ್‌ನದೂ ಅದೇ ಗತಿ. ಸೈನಿಕರ ಉಗ್ರಾಣದಿಂದ ಕದ್ದ ತೋಟಾ ನಾಗರಿಕನ ಕೋವಿಗೆ ಹೊಂದಬಾರದೆಂಬ ಬ್ರಿಟಿಷರ ಕಾಲದ ಎಚ್ಚರಿಕೆಯೇ ಈ ವಿಂಗಡಣೆಯ ಬೇರು. ಆಳುವವರು ಬದಲಾದರೂ ಎಚ್ಚರಿಕೆ ಬದಲಾಗಲಿಲ್ಲ.

ಹೀಗಾಗಿ ಸಾಮಾನ್ಯ ಪರವಾನಗಿದಾರನಿಗೆ ಕೈಬಂದೂಕಿನಲ್ಲಿ ಮುಖ್ಯವಾಗಿ ದಕ್ಕುವುದು .32 ಬೋರ್. ಇದರಲ್ಲೂ ಎರಡು ಬಗೆಯ ತೋಟಾಗಳಿವೆ ಎಂಬುದನ್ನು ಹೊಸಬರು ಮರೆಯುವುದುಂಟು. ರಿವಾಲ್ವರ್‌ನದು 1896ರಲ್ಲಿ ಬಂದ, ಹಿಂಬದಿಯಲ್ಲಿ ಅಂಚುಳ್ಳ ‘ಸ್ಮಿತ್ ಅಂಡ್ ವೆಸ್ಸನ್ ಲಾಂಗ್’, ಪಿಸ್ತೂಲಿನದು 7.65 ಮಿ.ಮೀ.ನ ಚಿಕ್ಕ ‘ಎಸಿಪಿ’. ಒಂದರ ತೋಟಾ ಇನ್ನೊಂದಕ್ಕೆ ಸಲ್ಲದು. ರಿವಾಲ್ವರ್‌ನ .32 ತೋಟಾದ ಶಕ್ತಿ 9 ಮಿ.ಮೀ. ತೋಟಾದ ಸುಮಾರು ಮೂರನೇ ಒಂದು ಭಾಗದಷ್ಟು. ಇದನ್ನು ಕೊರತೆ ಎನ್ನುವವರಿದ್ದಾರೆ. ಆದರೆ ಹಿನ್ನೊದೆತ ಕಡಿಮೆಯಾದ್ದರಿಂದ ಇದೇ ತೋಟಾ ವಿಶ್ವದ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧಿಗಳ ನೆಚ್ಚಿನದು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿಯೂ ಹೌದು.

ಖಾಸಗಿ ಬಳಕೆಗಾಗಿ ವಿದೇಶಿ ಬಂದೂಕುಗಳ ಆಮದು 1980ರ ದಶಕದ ಮಧ್ಯಭಾಗದಲ್ಲಿ ನಿಂತುಹೋಯಿತು. ಅದಕ್ಕೂ ಮುನ್ನ ಬಂದಿದ್ದ ವಾಲ್ಟರ್, ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್‌ಗಳು ಕೈಯಿಂದ ಕೈಗೆ ಬದಲಾಗುತ್ತಾ ಹೊಸ ದೇಶೀ ರಿವಾಲ್ವರ್‌ನ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿವೆ. ಅಜ್ಜನ ಕಾಲದ ಕೋವಿಗೆ ಹೊಸ ಕಾರಿನ ಬೆಲೆ ಬರುವುದು ಪ್ರಪಂಚದಲ್ಲಿ ಅಪರೂಪದ ಸಂಗತಿ.

ಕಾನ್ಪುರದಿಂದ ಬಂದವು

ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ತಯಾರಿಸಿದ .32 ರಿವಾಲ್ವರ್ ದಶಕಗಳಿಂದ ಈ ದೇಶದ ಪರವಾನಗಿದಾರರ ಆತ್ಮರಕ್ಷಣೆಯ ಆಯುಧ. ಬ್ರಿಟನ್ನಿನ ವೆಬ್ಲಿ ಮಾರ್ಕ್ 4ರ ಮಾದರಿಯಲ್ಲಿ ರೂಪುಗೊಂಡ ಇದನ್ನು ತೆರೆಯುವಾಗ ನಳಿಗೆ ಮತ್ತು ಸಿಲಿಂಡರ್ ಒಟ್ಟಾಗಿ ಕೆಳಕ್ಕೆ ಬಾಗುತ್ತವೆ. ಖಾಲಿ ಕೋಶಗಳೆಲ್ಲ ಏಕಕಾಲಕ್ಕೆ ಹೊರಬರುತ್ತವೆ. ದೇಶೀ ನಿರ್ಮಿತ ‘ಅಶನಿ’ ಪಿಸ್ತೂಲು ಎಸಿಪಿ ತೋಟಾ ಬಳಸುವವರ ಆಯ್ಕೆ.

2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಬಿಡುಗಡೆ ಮಾಡಿತು. ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ ತೂಕ, 1.22 ಲಕ್ಷ ರೂಪಾಯಿ ಬೆಲೆ. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದ ನೆನಪಿನಲ್ಲಿ ಹೆಸರಿಟ್ಟು ಮಹಿಳೆಯರಿಗೆಂದೇ ಪ್ರಚಾರ ಮಾಡಲಾಯಿತು. ಮಹಿಳೆಯರ ರಕ್ಷಣೆ ಸರ್ಕಾರದ ಹೊಣೆಯೇ ಹೊರತು ಲಕ್ಷ ರೂಪಾಯಿ ಕೊಟ್ಟು ಕೊಳ್ಳುವ ವಸ್ತುವಲ್ಲವೆಂಬ ಟೀಕೆ ಬಲವಾಗಿಯೇ ಕೇಳಿಬಂತು. ಆ ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ.

ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ 2021ರ ಅಕ್ಟೋಬರ್ 1ರಂದು ವಿಸರ್ಜನೆಗೊಂಡು ಏಳು ಸಾರ್ವಜನಿಕ ಕಂಪನಿಗಳಾಯಿತು. ಅವುಗಳಲ್ಲೊಂದಾದ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ 2023ರ ಆಗಸ್ಟ್ 18ರಂದು ‘ಪ್ರಬಲ್’ ರಿವಾಲ್ವರನ್ನು ಹೊರತಂದಿತು. 76 ಮಿ.ಮೀ. ನಳಿಗೆ, 177.6 ಮಿ.ಮೀ. ಒಟ್ಟು ಉದ್ದ, ತೋಟಾರಹಿತ ತೂಕ 675 ಗ್ರಾಂ. 50 ಮೀಟರ್‌ವರೆಗೆ ಗುರಿ ಮುಟ್ಟುತ್ತದೆಂದು ಕಂಪನಿಯ ಹೇಳಿಕೆ. ನಿಜವಾದ ಬದಲಾವಣೆ ಇದ್ದುದು ಸಿಲಿಂಡರ್‌ನಲ್ಲಿ. ಅದು ಪಕ್ಕಕ್ಕೆ ಹೊರಳುತ್ತದೆ, ನಳಿಗೆಯನ್ನು ಬಾಗಿಸಬೇಕಿಲ್ಲ. ಚೌಕಟ್ಟು ಮಧ್ಯದಲ್ಲಿ ಮುರಿಯದೆ ಒಂದೇ ತುಂಡಾಗಿರುವುದರಿಂದ ಗಟ್ಟಿತನ ಹೆಚ್ಚು. ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೇ ಬಳಕೆಗೆ ಬಂದಿದ್ದ ಈ ವ್ಯವಸ್ಥೆಯನ್ನು ದೇಶದ ಮೊದಲನೆಯದೆಂದು ಸಂಭ್ರಮದಿಂದ ಪರಿಚಯಿಸಲಾಯಿತು. ಖಾಸಗಿ ವಲಯದಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡಿಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್‌ಗಳ ತಯಾರಿಕೆ 2020ರಲ್ಲಿ ಆರಂಭವಾಯಿತು.

ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ ಸ್ನೈಪರ್ ರೈಫಲ್‌ಗಳನ್ನು ರೂಪಿಸಿ ಹೆಸರು ಮಾಡಿದೆಯಾದರೂ ಅದರ ಗಿರಾಕಿಗಳು ಸಶಸ್ತ್ರ ಪಡೆಗಳು; ನಾಗರಿಕರಲ್ಲ.

ಹೋಲ್‌ಸ್ಟರ್ ಎಂಬ ಅಗ್ಗದ ವಿಮೆ

ಲಕ್ಷ ರೂಪಾಯಿಯ ರಿವಾಲ್ವರ್ ಕೊಂಡವರು ಹೋಲ್‌ಸ್ಟರ್‌ಗೆ ಬಂದಾಗ ಕೈ ಹಿಡಿಯುವುದು ವಿಚಿತ್ರವಾದರೂ ಸತ್ಯ. ಹೋಲ್‌ಸ್ಟರ್ ಮಾಡಬೇಕಾದ ಕೆಲಸ ಮೂರು. ಬಂದೂಕನ್ನು ಬೀಳದಂತೆ ಹಿಡಿದಿರಬೇಕು; ಅನ್ಯರ ಕೈಗೆ ಸುಲಭವಾಗಿ ಸಿಗದಂತಿರಬೇಕು; ಎಲ್ಲಕ್ಕಿಂತ ಮಿಗಿಲಾಗಿ ಟ್ರಿಗರನ್ನು ಸಂಪೂರ್ಣ ಮುಚ್ಚಿರಬೇಕು. ಟ್ರಿಗರ್ ಹೊರಗೆ ಕಾಣುವ ಹೋಲ್‌ಸ್ಟರ್ ನೋಡಲು ಎಷ್ಟೇ ಸೊಗಸಾಗಿದ್ದರೂ ಕೊಳ್ಳತಕ್ಕದ್ದಲ್ಲ.

ತೊಗಲಿನದು ಹಳೆಯದು, ಮೈಗೆ ಹಿತ. ಆದರೆ ಬೆವರನ್ನೂ ಮಳೆಯ ತೇವವನ್ನೂ ಹೀರಿಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೊಗಲಿನ ಹೋಲ್‌ಸ್ಟರ್‌ನೊಳಗೇ ರಿವಾಲ್ವರ್ ಇಟ್ಟು ಕಪಾಟು ಮುಚ್ಚಿದರೆ ಕೆಲವೇ ವಾರಗಳಲ್ಲಿ ತುಕ್ಕು ಹಿಡಿಯುವುದು ಖಚಿತ. ಸೊಂಟಪಟ್ಟಿಯ ತೊಗಲು ಕುಣಿಕೆಗಳಲ್ಲಿ ಬಹುಕಾಲ ಸಿಕ್ಕಿಸಿಟ್ಟ ತೋಟಾಗಳ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಹದಮಾಡಿದ ತೊಗಲಿನ ರಾಸಾಯನಿಕಗಳೇ ಇದಕ್ಕೆ ಕಾರಣ. ಕಿಲುಬು ಹಿಡಿದ ತೋಟಾ ಗುಂಡಿನ ಕೋಣೆಯಲ್ಲಿ ಸಿಕ್ಕಿಕೊಳ್ಳಬಹುದು. ನೈಲಾನ್ ಅಗ್ಗ, ಹಗುರ. ಆದರೆ ಬೇಗ ಆಕಾರ ಕಳೆದುಕೊಳ್ಳುತ್ತದೆ. ಬಾಯಿ ಕುಸಿದ ಹೋಲ್‌ಸ್ಟರ್‌ಗೆ ಒಂದೇ ಕೈಯಲ್ಲಿ ಬಂದೂಕನ್ನು ಮರಳಿಸುವುದು ಅಪಾಯಕಾರಿ. ವಿಮಾನಗಳ ಒಳಾಂಗಣಕ್ಕೆಂದು 1960ರ ದಶಕದಲ್ಲಿ ತಯಾರಾದ ‘ಕೈಡೆಕ್ಸ್’ ಎಂಬ ಪ್ಲಾಸ್ಟಿಕ್ ಹಾಳೆ ಈಗ ಹೋಲ್‌ಸ್ಟರ್ ಜಗತ್ತನ್ನು ಆಳುತ್ತಿದೆ. ಬಿಸಿ ಮಾಡಿ ಬಂದೂಕಿನ ಅಚ್ಚಿಗೇ ಒತ್ತಿದ ಇದು ನೀರು ಹೀರದು, ಬಾಯಿ ಮುಚ್ಚದು. ಅಚ್ಚು ಸರಿಹೊಂದಬೇಕೆಂಬುದೇ ಇದರ ಷರತ್ತು. ವಿದೇಶಿ ಪಿಸ್ತೂಲಿಗೆಂದು ತಯಾರಾದುದನ್ನು ಕಾನ್ಪುರದ ರಿವಾಲ್ವರ್‌ಗೆ ಒಗ್ಗಿಸಹೋಗುವುದು ವ್ಯರ್ಥ.

ಪೊಲೀಸರ ಹೋಲ್‌ಸ್ಟರ್‌ಗಳಿಗೆ ‘ಹಿಡಿತದ ಹಂತ’ಗಳ ಲೆಕ್ಕವಿದೆ. ಹೆಬ್ಬೆರಳಿನ ಪಟ್ಟಿ, ಗುಂಡಿ, ಕೊಂಡಿ ಹೀಗೆ ಎಷ್ಟು ತಡೆಗಳನ್ನು ಬಿಡಿಸಬೇಕೋ ಅಷ್ಟು ಭದ್ರ. ಹಿಂದಿನಿಂದ ಬಂದು ಬಂದೂಕು ಕಸಿಯುವವನಿಗೆ ಅವು ಅಡ್ಡಿ.

ಇನ್ನು ಬಿದ್ದರೆ ಹಾರುವ ಪ್ರಶ್ನೆ. ಹಳೆಯ ವಿನ್ಯಾಸದ ಕೆಲವು ರಿವಾಲ್ವರ್‌ಗಳಲ್ಲಿ ಹ್ಯಾಮರ್‌ನ ಮೂತಿ ನೇರವಾಗಿ ತೋಟಾದ ಪ್ರೈಮರ್ ಮೇಲೆ ಒರಗಿರುತ್ತದೆ. ಹ್ಯಾಮರ್ ನೆಲಕ್ಕೆ ಬಡಿಯುವಂತೆ ಬಿದ್ದರೆ ಟ್ರಿಗರ್ ಒತ್ತದೆಯೂ ಗುಂಡು ಹಾರಬಹುದು. ಹ್ಯಾಮರ್ ಮತ್ತು ಪ್ರೈಮರ್ ನಡುವೆ ತಡೆಪಟ್ಟಿ ಇರಿಸುವ ವಿನ್ಯಾಸಗಳು ಬಂದದ್ದು ಇದಕ್ಕಾಗಿಯೇ. ತಡೆಪಟ್ಟಿ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ ಹ್ಯಾಮರ್ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ಹಿರಿಯರ ಪದ್ಧತಿ. ಆರರ ಬದಲು ಐದೇ ತೋಟಾ. ಟ್ರಿಗರ್ ಒತ್ತಿದಾಗ ಸಿಲಿಂಡರ್ ತಿರುಗಿ ತುಂಬಿದ ಕೋಣೆಯೇ ಮುಂದೆ ಬರುವುದರಿಂದ ಸಮಯಕ್ಕೆ ತೊಂದರೆಯಿಲ್ಲ. ಹೊಸತಾದ ಮಾತ್ರಕ್ಕೆ ನಿಶ್ಚಿಂತೆಯೆಂದೂ ಅಲ್ಲ. ಅಮೆರಿಕದ ಸೇನೆ 2017ರಲ್ಲಿ ಆಯ್ದುಕೊಂಡ ಪಿಸ್ತೂಲಿನ ನಾಗರಿಕ ಮಾದರಿ ಸಿಗ್ ಸಾಯರ್ ಪಿ320, ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಗುಂಡು ಹಾರಿಸುತ್ತದೆಂದು ಖಾಸಗಿ ಪರೀಕ್ಷೆಗಳು ತೋರಿದ ಬಳಿಕ ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಬಿಡಿಭಾಗಗಳನ್ನು ಉಚಿತವಾಗಿ ಬದಲಾಯಿಸಿಕೊಡಲು ಮುಂದಾಗಬೇಕಾಯಿತು.

ನಿಯಮದಲ್ಲೇ ಹೋಲ್‌ಸ್ಟರ್

ಬಹುಜನರಿಗೆ ತಿಳಿಯದ ಸಂಗತಿಯೆಂದರೆ, ಹೋಲ್‌ಸ್ಟರ್ ಭಾರತದಲ್ಲಿ ಕಾನೂನಿನ ಅಗತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದನ್ವಯ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿಕೊಂಡ ಹೋಲ್‌ಸ್ಟರ್‌ನಲ್ಲಿ ಅಥವಾ ಬೆನ್ನುಚೀಲದಂತಹ ಧಾರಕದಲ್ಲಿ ಒಯ್ಯತಕ್ಕದ್ದು. ಅದು ಸಂಪೂರ್ಣವಾಗಿ ಮುಚ್ಚಿರಬೇಕು ಮತ್ತು ಒಯ್ಯುವವನ ಪರಿಣಾಮಕಾರಿ ಹತೋಟಿಯಲ್ಲಿರಬೇಕು. ಸಿನಿಮಾದ ಜಮೀನ್ದಾರನಂತೆ ಸೊಂಟಕ್ಕೆ ಸಿಕ್ಕಿಸಿ ಹಿಡಿಕೆ ಪ್ರದರ್ಶಿಸುವುದಕ್ಕೆ ಅವಕಾಶವಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಗಾಳಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪರಿಕರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಗುಂಡಿನ ಸದ್ದನ್ನು ಅಥವಾ ಜ್ವಾಲೆಯನ್ನು ಕುಗ್ಗಿಸುವ ಸಾಧನವನ್ನು ಕಾಯ್ದೆ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಬಂದೂಕಿನ ಬಿಡಿಭಾಗಗಳೂ ಹಾಗೆಯೇ. ಅಂತರ್ಜಾಲದಲ್ಲಿ ಕಂಡ ಸೈಲೆನ್ಸರ್ ತರಿಸಿಕೊಳ್ಳುವವನು ಪರವಾನಗಿಯಿಲ್ಲದ ಬಂದೂಕು ಹೊಂದಿದವನ ಸಾಲಿಗೆ ಸೇರಬಹುದು. ಹೋಲ್‌ಸ್ಟರ್, ಕಿವಿಗವಸು, ಕನ್ನಡಕ, ಶುಚಿಗೊಳಿಸುವ ಸಲಾಕೆ, ಎಣ್ಣೆಗಳಿಗೆ ಇಂಥ ತೊಡಕಿಲ್ಲ. ಪಿಸ್ತೂಲಿನ ಮೇಲೆ ಕೂರುವ ಕೆಂಪು ಚುಕ್ಕೆಯ ದರ್ಶಕ ವಿದೇಶಗಳಲ್ಲಿ ಬಹು ಜನಪ್ರಿಯ. ಆದರೆ ಅದನ್ನು ಕೂರಿಸಲು ಕಾನ್ಪುರದ ಹಳೆಯ ರಿವಾಲ್ವರ್‌ನಲ್ಲಿ ಜಾಗವೇ ಇಲ್ಲ.

ಹೋಲ್‌ಸ್ಟರ್‌ನಿಂದ ಸೆಳೆದು ಓಡುತ್ತಾ ಗುರಿ ಹೊಡೆಯುವ ‘ಪ್ರಾಕ್ಟಿಕಲ್ ಶೂಟಿಂಗ್’ ಕ್ರೀಡೆಗೆ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ನಿಖರತೆ, ಶಕ್ತಿ, ವೇಗ ಅದರ ಧ್ಯೇಯ. ಗಳಿಸಿದ ಅಂಕವನ್ನು ತೆಗೆದುಕೊಂಡ ಕಾಲದಿಂದ ಭಾಗಿಸಿ ಫಲಿತಾಂಶ ನಿರ್ಣಯಿಸುತ್ತಾರೆ. ಅಲ್ಲಿ 9 ಮಿ.ಮೀ. ಸಾಮಾನ್ಯ. ಒಲಿಂಪಿಕ್ ಮಾದರಿಯ ಸ್ಪರ್ಧೆಗಳಲ್ಲಿ ಹೋಲ್‌ಸ್ಟರ್‌ಗೆ ಪಾತ್ರವಿಲ್ಲ.

ಪರವಾನಗಿ, ಮಿತಿ, ಕೊಡಗು

ಪರವಾನಗಿಗೆ ಕನಿಷ್ಠ ವಯಸ್ಸು 21. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಂತಹ ಕಮಿಷನರೇಟ್‌ಗಳಲ್ಲಿ ಪೊಲೀಸ್ ಆಯುಕ್ತರು ಅರ್ಜಿ ಪರಿಶೀಲಿಸುತ್ತಾರೆ. ಬಂದೂಕನ್ನು ಮನೆಯಲ್ಲಿ ಭದ್ರವಾಗಿ ಇರಿಸುವ ಬಗ್ಗೆ ಅರ್ಜಿದಾರ ಮುಚ್ಚಳಿಕೆ ನೀಡಬೇಕು. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿತು. ಕ್ರೀಡಾಪಟುಗಳಿಗೆ 2020ರ ಫೆಬ್ರುವರಿಯ ಅಧಿಸೂಚನೆ ವಿನಾಯಿತಿ ವಿಸ್ತರಿಸಿತು. ಖ್ಯಾತ ಶೂಟರ್‌ಗಳು ಒಂದು ಸ್ಪರ್ಧೆಗೆ 8, ಎರಡಕ್ಕೆ 10, ಅದಕ್ಕಿಂತ ಹೆಚ್ಚಿನವಕ್ಕೆ 12ರವರೆಗೆ ಬಂದೂಕು ಹೊಂದಬಹುದು. ಹವ್ಯಾಸಕ್ಕಷ್ಟೇ ಗುರಿ ಹೊಡೆಯಬೇಕೆನ್ನುವವರಿಗೆ .177 ಬೋರ್‌ನ, 20 ಜೌಲ್ ಮೀರದ ಏರ್‌ಗನ್ ಪರವಾನಗಿಯಿಲ್ಲದೆ ಸಿಗುತ್ತದೆ.

ಕೊಡಗಿನ ಕಥೆ ಬೇರೆ. ಕೊಡವರನ್ನು ಶಸ್ತ್ರ ಪರವಾನಗಿಯಿಂದ ಹೊರಗಿಡುವ ಪದ್ಧತಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರವೂ ಕೊಡವ ಜನಾಂಗ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್‌ನಂದು ಕೋವಿಗಳನ್ನು ಹೂವಿನಿಂದ ಸಿಂಗರಿಸಿ ಪೂಜಿಸಿದ ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಿನಲ್ಲಿ ನಡೆಯುತ್ತದೆ. ಹಬ್ಬ ಮುಗಿದ ಮೇಲೆ ನಳಿಗೆ ಒರೆಸಿ, ಎಣ್ಣೆ ಸವರಿ, ತೋಟಾಗಳನ್ನು ಬೇರೆಯಾಗಿ ಎತ್ತಿಡುವುದು ಆ ಮನೆಗಳ ಹಿರಿಯರ ವಾಡಿಕೆ.