ಸಿಕಾರ್ ಹೂದಾನಿ
ವೆಲ್ಲರ್ ಪಾಟರಿ, ಝೇನ್ಸ್‌ವಿಲ್, ಒಹಾಯೊ, ಅಮೆರಿಕ
ಸುಮಾರು 1902–1907. ಸುಟ್ಟ ಮಣ್ಣು, ಲೋಹದ ಹೊಳಪಿನ ಮೆರುಗು

ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಕಡುನೇರಳೆಯಾಗಿದ್ದ ಮೈ ಹಸಿರಿಗೆ ತಿರುಗುತ್ತದೆ. ಎಲೆಗಳ ಅಂಚಿನಲ್ಲಿ ತಾಮ್ರದ ಕೆಂಪು ಮಿಂಚುತ್ತದೆ. ಮೆರುಗು ಕೊಟ್ಟು ಸುಟ್ಟ ಪಾತ್ರೆಯ ಮೇಲೆ ಲೋಹದ ಲವಣಗಳಿಂದ ಚಿತ್ರ ಬರೆದು, ಗೂಡಿಗೆ ಗಾಳಿ ಸಾಲದಂತೆ ಹೊಗೆಯಾಡಿಸಿ ಮತ್ತೆ ಸುಟ್ಟಾಗ ಬರುವ ಬಣ್ಣವಿದು. ಆಮ್ಲಜನಕ ಕಳೆದುಕೊಂಡ ಲೋಹ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಕೂರುತ್ತದೆ. ಅದರ ಮೇಲೆ ಬಿದ್ದ ಬೆಳಕು ಒಡೆದು ಬಣ್ಣ ಬಣ್ಣವಾಗುತ್ತದೆ. ಬೆಂಕಿಯ ಹದ ತಪ್ಪಿದರೆ ಇಡೀ ಪಾತ್ರೆ ಮಂಕು.

ಫ್ರಾನ್ಸಿನ ಕುಂಬಾರ ಕ್ಲೆಮಾಂ ಮಾಸಿಯೆ ಅವರ ಬಳಿ ಈ ತಂತ್ರದಲ್ಲಿ ಪಳಗಿದ ಝಾಕ್ ಸಿಕಾರ್ ಅವರನ್ನು ಕಾರ್ಖಾನೆಯ ಒಡೆಯ ಸ್ಯಾಮ್ಯುಯೆಲ್ ವೆಲ್ಲರ್ ಅಮೆರಿಕಕ್ಕೆ ಕರೆಸಿಕೊಂಡರು. ಮಾಲು ಸಿಕ್ಕಿತು, ಗುಟ್ಟು ಸಿಗಲಿಲ್ಲ. ಸಿಕಾರ್ ಮತ್ತು ಸಹಾಯಕ ಆನ್ರಿ ಜೆಲ್ಲಿ ತಮ್ಮ ಕೋಣೆಯೊಳಗೆ ಯಾರನ್ನೂ ಬಿಟ್ಟುಕೊಳ್ಳದೆ ಕೆಲಸ ಮಾಡುತ್ತಿದ್ದರು. ಒಡೆಯರ ಕುತೂಹಲಕ್ಕೂ ಅಲ್ಲಿ ಪ್ರವೇಶವಿರಲಿಲ್ಲ!

ಇಂಥ ಪಾತ್ರೆಗಳಲ್ಲಿ ರುಜು ಸಾಮಾನ್ಯವಾಗಿ ತಳದಲ್ಲಿರುವುದಿಲ್ಲ. ಮೈಮೇಲಿನ ಚಿತ್ರದ ನಡುವೆಯೇ, ಅದೇ ಹೊಳಪಿನಲ್ಲಿ ಬರೆದಿರುತ್ತಾರೆ. ಬಗೆಬಗೆಯ ಸರಕು ತಯಾರಿಸಿ ರಾಶಿಗಟ್ಟಲೆ ಮಾರುತ್ತಿದ್ದ ವೆಲ್ಲರ್ ಕಾರ್ಖಾನೆಯಲ್ಲಿ ಕುಂಚದ ಕೈಚಳಕಕ್ಕೆ ಇದಕ್ಕಿಂತ ಮಿಗಿಲಾದದ್ದು ಬರಲಿಲ್ಲ ಎನ್ನಬಹುದು. 1907ರಲ್ಲಿ ಸಿಕಾರ್ ಫ್ರಾನ್ಸಿಗೆ ಮರಳಿದರು. ಉಳಿದ ದಾಸ್ತಾನನ್ನು ಕಾರ್ಖಾನೆ ಮುಂದೆ ಕೆಲವು ವರ್ಷ ಮಾರಿತು.