ರೈತರ ಬೆಳೆ ಸಮೀಕ್ಷೆ ಆ್ಯಪ್

ತನ್ನ ಹೊಲದ ಬೆಳೆಯ ವಿವರವನ್ನು ರೈತನೇ ಮೊಬೈಲ್‌ನಲ್ಲಿ ದಾಖಲಿಸಲು ಕರ್ನಾಟಕ ಸರ್ಕಾರ ರೂಪಿಸಿದ ತಂತ್ರಾಂಶ. 2020ರ ಮುಂಗಾರಿನಲ್ಲಿ ರೈತರ ಬಳಕೆಗೆ ಬಂತು.

ಬಳಕೆ: ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ನಮೂದಿಸಿ ಊರು, ಸರ್ವೆ ನಂಬರು, ಹಿಸ್ಸಾ ಆರಿಸಬೇಕು. ಹೊಲದಲ್ಲೇ ನಿಂತು ಬೆಳೆ, ವಿಸ್ತೀರ್ಣ, ನೀರಾವರಿ ವಿವರ ತುಂಬಿ ಚಿತ್ರ ತೆಗೆದು ಕಳುಹಿಸಬೇಕು. ಜಿಪಿಎಸ್ ಸ್ಥಳವನ್ನು ಗುರುತಿಸುತ್ತದೆ. ಈ ಮಾಹಿತಿ ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ಆಧಾರವಾಗುತ್ತದೆ.

ತರಬೇತಿ: ಆ್ಯಪ್‌ನ ಬಳಕೆಯನ್ನು ಆಯಾ ಊರಿನ ಬೆಳೆಗೆ ತಕ್ಕಂತೆ ಕಲಿಸಬೇಕು. ಉದಾಹರಣೆಗೆ, ‘ತೊಗರಿಯ ಕಣಜ’ ಎನಿಸಿದ ಕಲಬುರಗಿ ಜಿಲ್ಲೆಯ ಕೃಷಿ ಬಹುಪಾಲು ಮಳೆಯಾಶ್ರಿತ. ಅಲ್ಲಿನ ಕಪನೂರ, ಕಮಲಾಪುರದ ಸುತ್ತಿನ ಹೊಲಗಳಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಇದ್ದರೆ ಎರಡೂ ಬೆಳೆಗಳನ್ನು ನಮೂದಿಸುವ ಕ್ರಮವನ್ನು ಕಲಿಸಬೇಕಾಗುತ್ತದೆ. ಸಭೆಯ ಭಾಷಣಕ್ಕಿಂತ ಹೊಲದ ಬದುವಿನಲ್ಲಿ ರೈತನ ಕೈಯಿಂದಲೇ ಒಮ್ಮೆ ಮಾಡಿಸುವುದು ಹೆಚ್ಚು ಫಲಕಾರಿ. ತಪ್ಪಾದರೆ ತಿದ್ದಬಹುದೆಂಬ ಅರಿವೇ ಅಂಜಿಕೆಯನ್ನು ಕಳೆಯುತ್ತದೆ. ಮನೆಯ ಓದುವ ಮಕ್ಕಳ ನೆರವೂ ಉಪಯುಕ್ತ.

ಪೂರಕ ವ್ಯವಸ್ಥೆ: ರೈತರ ನೋಂದಣಿಗೆ ‘ಫ್ರೂಟ್ಸ್’ ತಂತ್ರಾಂಶವಿದೆ, ನೋಂದಾಯಿತರಿಗೆ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ದೊರೆಯುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಇ-ಸ್ಯಾಪ್’ ತಂತ್ರಾಂಶ ಕೀಟ, ರೋಗಗಳ ಗುರುತು ಹಾಗೂ ಹತೋಟಿಗೆ ನೆರವಾಗುತ್ತದೆ. ಸ್ವತಃ ದಾಖಲಿಸಲಾಗದವರ ಹೊಲಗಳ ಸಮೀಕ್ಷೆಯನ್ನು ‘ಖಾಸಗಿ ನಿವಾಸಿ’ಗಳೆಂದು ನೇಮಕಗೊಂಡ ಊರಿನ ಯುವಕರು ಮಾಡುತ್ತಾರೆ.